ಲಾರಿ ಕಮಾನ್ ಪಟ್ಟಿಯಿಂದ ರೋಟವೇಟರ್ ಬ್ಲೇಡ್: ಎಣ್ಣೆ ಬಿಟ್ಟು ಸಾಲ್ಟ್‌ಗೆ ಬಂದ ನನ್ನ ಅನುಭವ

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಗುಜರಿಯ ಕಮಾನ್ ಪಟ್ಟಿಯನ್ನು (ಲಾರಿಯ ಸ್ಪ್ರಿಂಗ್ ಪಟ್ಟಿ) ಕರಗಿಸದೆ, ಕಡಿದು ಬಗ್ಗಿಸಿ, ಸಾಲ್ಟ್ ಬಾತ್‌ನಲ್ಲಿ ಆಸ್ಟೆಂಪರ್ ಮಾಡಿದ ನನ್ನ ರೋಟವೇಟರ್ ಬ್ಲೇಡು ಗರಸು ನೆಲದಲ್ಲಿ ಅಂಗಡಿಯ ಬೋರಾನ್ ಸ್ಟೀಲ್ ಬ್ಲೇಡಿಗಿಂತ ಹೆಚ್ಚೂಕಡಿಮೆ ಒಂದೂವರೆ ಪಟ್ಟು ಬಾಳುತ್ತಿದೆ. ಆಸ್ಟೆಂಪರ್ ಅಂದರೆ ಕೆಂಪಗೆ ಕಾದ ಉಕ್ಕನ್ನು 300 ಡಿಗ್ರಿ ಸುತ್ತಲಿನ ಕರಗಿದ ಉಪ್ಪಿನ ತೊಟ್ಟಿಗೆ (ಅದೇ ಸಾಲ್ಟ್ ಬಾತ್) ಇಳಿಸಿ, ಅಲ್ಲೇ ಒಂದಷ್ಟು ಹೊತ್ತು ಇಟ್ಟು ಗಟ್ಟಿ ಮಾಡೋದು. ಹೋದ ಹಂಗಾಮಿನಲ್ಲಿ ಮುರಿದು ವಾಪಸ್ ಬಂದದ್ದು ನೂರಕ್ಕೆ ಒಂದೂ ಇಲ್ಲ. ‘ಇದೆಲ್ಲ ಆಗೋ ಮಾತಲ್ಲ’ ಅಂದಿದ್ದವರಲ್ಲಿ ಇಬ್ಬರು ಈಗ ತಮ್ಮ ಮಾಲನ್ನೇ ನನ್ನ ಶೆಡ್ಡಿಗೆ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯೋಣ ಅನಿಸಿತು.

ನನ್ನ ಶೆಡ್ ಇರೋದು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ. ವರ್ಷಗಟ್ಟಲೆ ಎಲ್ಲರ ಹಾಗೆ ನಾನೂ ಎಣ್ಣೆಯಲ್ಲಿ ಅದ್ದಿ ಹಾರ್ಡನಿಂಗ್ (ಗಟ್ಟಿ ಮಾಡೋದು), ಆಮೇಲೆ 450 ಡಿಗ್ರಿ ಆಸುಪಾಸಿನಲ್ಲಿ ಮತ್ತೆ ಕಾಯಿಸಿ ಟೆಂಪರಿಂಗ್ (ಪೆಡಸುತನ ಇಳಿಸೋದು) ಮಾಡುತ್ತಿದ್ದೆ. ಅದು ನಿಮಗೆ ಗೊತ್ತಿರೋದೇ. ಬೈನೈಟ್ ಬಗ್ಗೆಯೂ ಇಲ್ಲಿ ಪಾಠ ಮಾಡೋದಿಲ್ಲ; ಆಸ್ಟೆಂಪರ್ ಮಾಡಿದಾಗ ಉಕ್ಕಿನೊಳಗೆ ಬರುವ, ಗಟ್ಟಿಯಾದರೂ ಸುಲಭಕ್ಕೆ ಮುರಿಯದ ರಚನೆ ಅದು ಅಂದರೆ ಸಾಕು.

ತಲೆಗೆ ಹುಳ ಬಿಟ್ಟದ್ದು ಲೋಹವಿಜ್ಞಾನಿ ಹ್ಯಾರಿ ಭದೇಶಿಯಾ ಅವರ ತಂಡ ಕೇಂಬ್ರಿಡ್ಜ್‌ನಲ್ಲಿ ಮಾಡಿದ್ದ ಕೆಲಸ. ಸುಮಾರು ಒಂದು ಪರ್ಸೆಂಟ್ ಕಾರ್ಬನ್, ಒಂದೂವರೆ ಪರ್ಸೆಂಟ್ ಸಿಲಿಕಾನ್ ಇರುವ ಉಕ್ಕನ್ನು ಅವರು 200 ಡಿಗ್ರಿಯಲ್ಲಿ ಹತ್ತು ದಿನದಷ್ಟು ಇಟ್ಟರು. 20ರಿಂದ 40 ನ್ಯಾನೋಮೀಟರ್ ದಪ್ಪದ ಬೈನೈಟ್ ಪದರಗಳು ಬಂದವು. ಬಲ 2.5 ಗಿಗಾಪ್ಯಾಸ್ಕಲ್ ತನಕ ಹೋಯಿತು. ಅದನ್ನು ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬಲವಲ್ಲ, ಸಿಲಿಕಾನ್. ಸಿಲಿಕಾನ್ ಜಾಸ್ತಿ ಇದ್ದರೆ ಕಾರ್ಬೈಡ್ (ಕಬ್ಬಿಣ-ಕಾರ್ಬನ್ ಸೇರಿದ ಪೆಡಸು ಕಣ) ಹುಟ್ಟೋದಿಲ್ಲ. ಕಾರ್ಬನ್ ಎಲ್ಲ ಆಸ್ಟೆನೈಟ್ (ಕೆಂಪಗೆ ಕಾದಾಗ ಉಕ್ಕು ತಳೆಯುವ ರಚನೆ) ಒಳಗೆ ಸೇರಿಕೊಂಡು ಅದನ್ನು ಹಾಗೇ ಉಳಿಸುತ್ತದೆ. ಅಷ್ಟು ಸಿಲಿಕಾನ್ ಇರುವ ಉಕ್ಕು ನಮ್ಮ ಗುಜರಿ ಅಂಗಡಿಯಲ್ಲೇ ರಾಶಿ ಬಿದ್ದಿದೆ ಅಲ್ವಾ? ಹಳೆ ಲಾರಿಗಳ ಇಎನ್ 45 ದರ್ಜೆಯ ಪಟ್ಟಿಯಲ್ಲಿ ಕಾರ್ಬನ್ 0.5ರಿಂದ 0.6, ಸಿಲಿಕಾನ್ 1.5ರಿಂದ 2 ಪರ್ಸೆಂಟ್. ಕೆಜಿಗೆ ನಾನು ಕೊಡುತ್ತಿದ್ದದ್ದು ನಲವತ್ತೈದು, ಐವತ್ತು ರೂಪಾಯಿ.

ಇಂಥ ಪಟ್ಟಿಯನ್ನು ಗುಜರಿಯವರು ಇಂಡಕ್ಷನ್ ಫರ್ನೇಸ್‌ಗೆ ಹಾಕಿ ಕಂಬಿ ಮಾಡಲು ಕಳಿಸುತ್ತಾರೆ. ಟನ್ನಿಗೆ ಐನೂರರಿಂದ ಏಳ್ನೂರು ಯೂನಿಟ್ ಕರೆಂಟು ಬರೀ ಕರಗಿಸೋದಕ್ಕೇ ಹೋಗುತ್ತದೆ. ಅದಿರಿನಿಂದ ಬ್ಲಾಸ್ಟ್ ಫರ್ನೇಸ್‌ನಲ್ಲಿ ಹೊಸ ಉಕ್ಕು ಮಾಡಿದರೆ ಒಂದು ಟನ್ನಿಗೆ ಎರಡು ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ‘ಹಸಿರು ಉಕ್ಕು’ ಅಂತ ಈಗ ಎಲ್ಲರೂ ಮಾತಾಡುತ್ತಾರೆ. ಕಲ್ಲಿದ್ದಲ ಬದಲು ಹೈಡ್ರೋಜನ್ ಬರೋವಾಗ ಬರಲಿ. ಕರಗಿಸದೇ ಇರೋದಕ್ಕಿಂತ ಅಗ್ಗದ ದಾರಿ ನನಗಂತೂ ಗೊತ್ತಿಲ್ಲ.

ಪಟ್ಟಿಯನ್ನು ಸಾಲ್ಟ್‌ನಲ್ಲಿ ಆಸ್ಟೆಂಪರ್ ಮಾಡೋ ಈ ಯೋಚನೆಯನ್ನು ಭದ್ರಾವತಿ ಕಡೆ ಹೀಟ್ ಟ್ರೀಟ್‌ಮೆಂಟ್ ಮಾಡಿ ನಿವೃತ್ತರಾದ ಹಿರಿಯರೊಬ್ಬರಿಗೆ ಹೇಳಿದೆ. ‘ಪಟ್ಟಿಗೆ ಎಣ್ಣೆಯೇ ಸರಿ, ಸಾಲ್ಟ್‌ನಲ್ಲಿ ಎರಡೆರಡು ಗಂಟೆ ಇಟ್ಟರೆ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?’ ಅಂದರು. ಪಕ್ಕದ ಶೆಡ್ಡಿನ ಕಾಕಾ ಇನ್ನೂ ಒಂದು ಹೆಜ್ಜೆ ಮುಂದೆ: ‘ಎಣ್ಣಿ ಬಿಟ್ಟು ಉಪ್ಪಿನ್ಯಾಗ ಹಾಕ್ತೀಯೇನೋ ತಮ್ಮಾ? ಉಪ್ಪಿನಕಾಯಿ ಮಾಡ್ತೀಯೇನು?’

ಬಿಲ್ಲಿನ ಲೆಕ್ಕ ಎಲ್ಲರೂ ತಪ್ಪು ಹಾಕುತ್ತಾರೆ. ಎಣ್ಣೆ ದಾರಿಯಲ್ಲಿ ಟೆಂಪರಿಂಗ್ ಓವನ್ ಬೇಡವೇ? 450ರಲ್ಲಿ ಒಂದೂವರೆ ಗಂಟೆ ಅದೂ ಓಡುತ್ತಿತ್ತಲ್ಲ. ಆಸ್ಟೆಂಪರ್ ಮಾಡಿದರೆ ಟೆಂಪರಿಂಗ್ ಇಲ್ಲವೇ ಇಲ್ಲ. ಸೆರಾಮಿಕ್ ಉಣ್ಣೆ ಸುತ್ತಿ ಮುಚ್ಚಳ ಹಾಕಿದ ಮೇಲೆ ನನ್ನ ಬಾತ್ 300ರಲ್ಲಿ ಸುಮ್ನೆ ನಿಲ್ಲೋದಕ್ಕೆ ಎಳೆಯೋದು ಎರಡು, ಎರಡೂವರೆ ಕಿಲೋವ್ಯಾಟ್. ಬಿಸಿ ಬ್ಲೇಡು ಬಿದ್ದಾಗ ಅದೂ ಬೇಡ, ಬ್ಲೇಡೇ ಬಾತನ್ನು ಕಾಯಿಸುತ್ತದೆ.

ಆ ಕಾಯಿಸೋದೇ ಮೊದಲ ಪೆಟ್ಟು ಕೊಟ್ಟಿತು. ಬಾತ್‌ನಲ್ಲಿ ಸಾಲ್ಟ್ ಮುನ್ನೂರು ಕೆಜಿಯಷ್ಟು. ಒಂದೇ ಬ್ಯಾಚಿಗೆ ನಲವತ್ತು ಬ್ಲೇಡು ಇಳಿಸಿದರೆ ಮೂವತ್ತು ಕೆಜಿ ಚಿಲ್ಲರೆ ಕೆಂಪು ಉಕ್ಕು. ಮೀಟರ್ 300ರಿಂದ 330 ಹತ್ತಿರ ಏರಿತು, ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಗಟ್ಟಿತನ 46, 47 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ; ಅಂಕಿ ಹೆಚ್ಚಾದಷ್ಟೂ ಗಟ್ಟಿ). ಬ್ಯಾಚನ್ನು ಹದಿನೈದು ಬ್ಲೇಡಿಗೆ ಇಳಿಸಿದ ಮೇಲೆ ಏರಿಕೆ ಹತ್ತು ಡಿಗ್ರಿಗೆ ನಿಂತಿತು, ಗಟ್ಟಿತನ 50, 51ಕ್ಕೆ ಬಂತು. ಸಾಲ್ಟ್ ಕಲಕುವ ಪಂಖ ಹಾಕಿದ್ದು ಆಮೇಲೆ. ಪಂಖ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಎರಡನೇ ಪೆಟ್ಟು ಸಾಲ್ಟ್‌ನಲ್ಲಿ ಇಡೋ ಹೊತ್ತಿನದು. ಅರ್ಧ ಗಂಟೆಗೆ ತೆಗೆದ ಬ್ಲೇಡು ಮೀಟರಿನಲ್ಲಿ ಬಲು ಚೆಂದ, 54 ತೋರಿಸುತ್ತದೆ. ಹೊಲದಲ್ಲಿ ಮೊದಲ ಕಲ್ಲಿಗೇ ಪಟ್ ಅಂತ ಮುರಿಯುತ್ತದೆ. ಅರ್ಧ ಆಸ್ಟೆನೈಟ್ ಇನ್ನೂ ಬದಲಾಗಿರೋದಿಲ್ಲ, ಹೊರಗೆ ತಣ್ಣಗಾಗುವಾಗ ಅದು ಮಾರ್ಟೆನ್ಸೈಟ್ (ತುಂಬಾ ಗಟ್ಟಿ, ಆದರೆ ಪೆಡಸು ರಚನೆ) ಆಗಿಬಿಡುತ್ತದೆ. ಒಂದು ಗಂಟೆಗೆ ಪರವಾಗಿಲ್ಲ. ಎರಡು ಗಂಟೆಗೆ ಬಗ್ಗಿಸಿದರೂ ಮುರಿಯದೆ ಸುತ್ತಿಕೊಳ್ಳುತ್ತದೆ. ಮೂರು ಗಂಟೆ ಇಟ್ಟು ನೋಡಿದೆ, ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಈ ಉಕ್ಕಿನ ಎಂಎಸ್ (ತಣಿಯುವಾಗ ಮಾರ್ಟೆನ್ಸೈಟ್ ಹುಟ್ಟಲು ಶುರುವಾಗುವ ಉಷ್ಣತೆ) ನನ್ನ ಲೆಕ್ಕಕ್ಕೆ 255ರ ಸುತ್ತ ಬರುತ್ತದೆ. ಅದಕ್ಕೆ 290ಕ್ಕಿಂತ ಕೆಳಗೆ ಇಳಿಯೋದಿಲ್ಲ.

ಮೂರನೆಯದು ದುಡ್ಡು ನುಂಗಿದ್ದು: ಬೆರಕೆ ಮಾಲು. ಗುಜರಿಯವನಿಗೆ ಎಲ್ಲವೂ ‘ಕಮಾನ್ ಪಟ್ಟಿ’. ಈಗಿನ ಗಾಡಿಗಳಲ್ಲಿ ಎಸ್‌ಯುಪಿ 9, 50 ಸಿಆರ್‌ವಿ 4 ಥರದ ಕ್ರೋಮ್ ಉಕ್ಕು ಬರುತ್ತದೆ. ಸಿಲಿಕಾನ್ ಅದರಲ್ಲಿ ಕಾಲು ಪರ್ಸೆಂಟ್ ಅಷ್ಟೆ. ಬ್ಲೇಡೇನೋ ಆಗುತ್ತದೆ, ಈ ಬಾಳಿಕೆ ಬರೋದಿಲ್ಲ. ಕಿಡಿ ನೋಡಿ ಹೇಳುತ್ತೇನೆ ಅನ್ನುವವರನ್ನು ನಾನು ನಂಬೋದಿಲ್ಲ. ಬೆರಕೆ ಬ್ಯಾಚ್ ಒಂದರಲ್ಲಿ ಮಾಲು, ಕೂಲಿ, ಕರೆಂಟು ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು. ಈಗ ಪ್ರತಿ ಸೆಟ್ಟಿನಿಂದ ಒಂದು ತುಂಡು ಸ್ಪೆಕ್ಟ್ರೋಗೆ (ಉಕ್ಕಿನಲ್ಲಿ ಏನೇನು ಎಷ್ಟಿದೆ ಅಂತ ಹೇಳುವ ಪರೀಕ್ಷೆ) ಹೋಗುತ್ತದೆ. ಐನೂರು, ಆರ್ನೂರು ರೂಪಾಯಿ ಖರ್ಚು, ಆದರೆ ನಿದ್ದೆ ಬರುತ್ತದೆ.

ಹಳೆ ಪಟ್ಟಿ ಅಂದಮೇಲೆ ಬಿರುಕು ಇದ್ದೇ ಇರುತ್ತದೆ. ನಡುವಿನ ಬೋಲ್ಟ್ ತೂತಿನ ಸುತ್ತ ಒಂದು ಗೇಣು ಕಡಿದು ಬಿಸಾಡುತ್ತೇನೆ, ಕಣ್ಣಿಗೆ ಏನೂ ಕಾಣದಿದ್ದರೂ. ಉಳಿದದ್ದಕ್ಕೆ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹಚ್ಚಿ ನೋಡುತ್ತೇವೆ. ಟನ್ನಿಗೆ ಇನ್ನೂರೈವತ್ತು ಕೆಜಿಯಷ್ಟು ಹೀಗೇ ವಾಪಸ್ ಗುಜರಿಗೆ. ಅದನ್ನು ಲೆಕ್ಕಕ್ಕೆ ಹಿಡಿಯದವರು ಕೆಜಿಗೆ ನಲವತ್ತೈದಕ್ಕೆ ಉಕ್ಕು ಸಿಕ್ಕಿತು ಅಂತ ಖುಷಿಪಡುತ್ತಾರೆ.

ಸಿಲಿಕಾನ್ ಉಕ್ಕಿನ ಇನ್ನೊಂದು ರೋಗ ಡಿಕಾರ್ಬ್. ಸಾಲ್ಟ್‌ಗೆ ಇಳಿಸೋ ಮೊದಲು 880 ಡಿಗ್ರಿಗೆ ಕಾಯಿಸುವಾಗ ಬಯಲಿಗೆ ಬಿಟ್ಟರೆ ಮೇಲಿನ ಪದರದ ಕಾರ್ಬನ್ ಸುಟ್ಟು ಮೈಯೇ ಮೆತ್ತಗಾಗುತ್ತದೆ. ಗ್ಯಾಸ್ ವಾತಾವರಣದ ಫರ್ನೇಸ್ ಕೊಳ್ಳೋ ಶಕ್ತಿ ನನಗಿಲ್ಲ. ಮಣ್ಣಿನ ಲೇಪ ಮಾಡಿಕೊಂಡೆ. ಅದರಲ್ಲಿ ಕೆಮ್ಮಣ್ಣು ಇದೆ ಅಂತ ಹೇಳಬಲ್ಲೆ. ಉಳಿದೆರಡು ಸಾಮಾನು ನನ್ನ ಹತ್ತಿರವೇ ಇರಲಿ, ಅದಕ್ಕೆ ಎರಡು ಬೇಸಿಗೆ ಕಳೆದಿದ್ದೇನೆ. ಲೇಪ ಸಾಲ್ಟ್‌ಗೆ ಬಿದ್ದ ಕ್ಷಣ ಉದುರಬೇಕು. ಅಂಟಿಕೊಂಡರೆ ಅಲ್ಲಿ ತಣಿಯೋದೇ ಇಲ್ಲ. ಇಷ್ಟು ಸುಳಿವು ಸಾಕು.

ಸಾಲ್ಟ್ ಅಂದರೆ ಸೋಡಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್ ಬೆರಕೆ, 220ರ ಸುಮಾರಿಗೆ ಕರಗೋದು. ‘13-0-45 ಗೊಬ್ಬರವೂ ಪೊಟ್ಯಾಸಿಯಂ ನೈಟ್ರೇಟೇ, ಅದನ್ನೇ ಹಾಕಬಾರದೇ?’ ಅಂತ ಒಬ್ಬರು ಕೇಳಿದರು. ಬೇಡ. ಹೀಟ್ ಟ್ರೀಟ್‌ಮೆಂಟ್ ಸಾಲ್ಟ್ ಮಾರುವವರಿಂದಲೇ ತನ್ನಿ. ಒದ್ದೆ ಜಾಬ್ (ಗಟ್ಟಿ ಮಾಡಬೇಕಾದ ಮಾಲು) ಇಳಿಸಿದರೆ ಸಾಲ್ಟ್ ಮುಖಕ್ಕೆ ಸಿಡಿಯುತ್ತದೆ. ಇದ್ದಿಲು, ಎಣ್ಣೆ ಬಟ್ಟೆ, ಸೈನೈಡ್ ಸಾಲ್ಟ್ ಅದರ ಹತ್ತಿರ ಸುಳಿಯಬಾರದು, ಸ್ಫೋಟವೇ ಆಗುತ್ತದೆ. ಕಂಟ್ರೋಲರ್ ಕೈಕೊಟ್ಟು 550 ದಾಟಿದರೂ ಅಪಾಯವೇ. ಅದಕ್ಕೆ ಎರಡನೇ ಥರ್ಮೋಕಪಲ್ (ಉಷ್ಣತೆ ಅಳೆಯೋ ಸಾಧನ) ಹಾಕಿ, 400ಕ್ಕೆ ತಾನಾಗಿ ಟ್ರಿಪ್ ಆಗುವ ಹಾಗೆ ಮಾಡಿದ್ದೇನೆ. ಇದರಲ್ಲಿ ಮಾತ್ರ ಜುಗ್ಗತನ ಬೇಡ. ಬ್ಲೇಡು ತೊಳೆದ ನೀರನ್ನು ಚರಂಡಿಗೆ ಬಿಡೋದಿಲ್ಲ. ಒಲೆಯ ಬಿಸಿಯಲ್ಲೇ ಆವಿ ಮಾಡಿ ಉಳಿದ ಸಾಲ್ಟ್ ತೆಗೆದಿಡುತ್ತೇನೆ, ಚೆನ್ನಾಗಿ ಒಣಗಿಸಿ ಮತ್ತೆ ಬಾತ್‌ಗೆ. ತಿಂಗಳಿಗೆ ಹೊಸದಾಗಿ ಹಾಕೋ ಸಾಲ್ಟ್ ಅರ್ಧಕ್ಕೆ ಇಳಿಯಿತು.

ಬಾತ್, ಪಂಖ, ಹೊಗೆ ಎಳೆಯೋ ಹುಡ್, ಮೊದಲ ಸಾಲ್ಟ್ ಎಲ್ಲ ಸೇರಿ ಎರಡೂವರೆ ಲಕ್ಷ ಮುಟ್ಟಿತು. ಬ್ಯಾಂಕಿನವರು ‘ಪ್ರಯೋಗಕ್ಕೆ ಸಾಲ ಇಲ್ಲ’ ಅಂದರು. ಹೆಂಡತಿಯ ಸಂಘದಿಂದ ಒಂದಿಷ್ಟು, ಹಳೆ ಲೇಥ್ ಮಾರಿ ಒಂದಿಷ್ಟು ಹೊಂದಿಸಿದೆ. ಬ್ಲೇಡಿನ ಮೇಲೆ ಎಲ್ಲ ಖರ್ಚು ಕಳೆದು ಮೊದಲು ಹನ್ನೆರಡು ರೂಪಾಯಿ ಉಳಿಯುತ್ತಿತ್ತು, ಈಗ ಮೂವತ್ತರ ಹತ್ತಿರ ಇದೆ. ಅದರಲ್ಲಿ ದೊಡ್ಡ ಪಾಲು ಕರೆಂಟಿನ ಉಳಿತಾಯದ್ದಲ್ಲ. ಎಣ್ಣೆಯಲ್ಲಿ ಸೊಟ್ಟಗಾದದ್ದನ್ನು ಬಡಿದು ನೇರ ಮಾಡೋ ಕೂಲಿ ಹೋಯಿತು, ಅದು. ಸಾಲ್ಟ್‌ನಲ್ಲಿ ಬ್ಲೇಡು ಸೊಟ್ಟಗಾಗೋದು ತೀರಾ ಕಡಿಮೆ. ಶೆಡ್ಡಿನಲ್ಲಿ ಎಣ್ಣೆ ಹೊಗೆಯೂ ಇಲ್ಲ.

ಹೊಲದ ಪರೀಕ್ಷೆಯನ್ನು ನಾನು ಬೇರೆ ರೀತಿ ಮಾಡಿದೆ. ಒಂದು ಟ್ರ್ಯಾಕ್ಟರಿಗೆ ನನ್ನ ಸೆಟ್, ಇನ್ನೊಂದಕ್ಕೆ ಅಂಗಡಿ ಸೆಟ್ ಹಾಕಿದರೆ ಡ್ರೈವರ್ ಬೇರೆ, ನೆಲ ಬೇರೆ, ಜಗಳ ಬಗೆಹರಿಯೋದಿಲ್ಲ. ಒಂದೇ ರೋಟರಿನಲ್ಲಿ ಒಂದು ಫ್ಲಾಂಜಿಗೆ (ಬ್ಲೇಡು ಕೂರುವ ತಟ್ಟೆ) ನನ್ನದು, ಮುಂದಿನದಕ್ಕೆ ಅಂಗಡಿಯದು ಹಾಕಿಸಿದೆ. ಮೊದಲೇ ಪ್ರತಿ ಬ್ಲೇಡನ್ನೂ ತೂಗಿ ನಂಬರ್ ಕೊರೆದಿದ್ದೆ. ಕುಂದಗೋಳ ಕಡೆ ಎರೆ ಹೊಲದಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಎರೆ ಮಣ್ಣಿನವರು ನನ್ನ ಬ್ಲೇಡಿಗೆ ಜಾಸ್ತಿ ದುಡ್ಡು ಕೊಡೋದು ಬೇಡ, ಅವರಿಗೇ ಹಾಗೆ ಹೇಳುತ್ತೇನೆ. ಕಲಘಟಗಿ ಕಡೆಯ ಕಲ್ಲು ಮಿಶ್ರಿತ ಕೆಂಪು ನೆಲದಲ್ಲಿ ಅಂಗಡಿ ಬ್ಲೇಡು ನೂರು ಗ್ರಾಂ ಕಳೆದುಕೊಂಡರೆ ನನ್ನದು ಅರವತ್ತೈದು, ಎಪ್ಪತ್ತು. ಸವೆದ ತುದಿಯ ಗಟ್ಟಿತನ ಅಳೆದರೆ ಹೊಸದಕ್ಕಿಂತ ಎರಡು, ಮೂರು ಪಾಯಿಂಟ್ ಮೇಲೆ! ಒಳಗೆ ಉಳಿದ ಆಸ್ಟೆನೈಟ್ ಕಲ್ಲಿನ ಪೆಟ್ಟು ತಿಂದು ಮೇಲ್ಮೈಯಲ್ಲಿ ಮಾರ್ಟೆನ್ಸೈಟ್ ಆಗುತ್ತದೆ. ಓದಿದ್ದನ್ನು ನನ್ನ ಮೀಟರಿನಲ್ಲೇ ಕಂಡಾಗ ಕುಣಿಯೋ ಹಾಗಾಯಿತು.

ನಡುವೆ ಬೇರೆ ಹುಚ್ಚುಗಳೂ ಆದವು. ಸುರತ್ಕಲ್ ಎನ್‌ಐಟಿಕೆಯವರು ಸಸ್ಯದ ಎಣ್ಣೆಗಳಲ್ಲಿ ಕ್ವೆಂಚ್ ಮಾಡಿ (ತಟ್ಟನೆ ತಣಿಸಿ) ಅಳೆದಿದ್ದಾರೆ. ನಾನು ಹೊಂಗೆ ಎಣ್ಣೆ ಡ್ರಮ್ ತುಂಬಿಸಿದೆ. ತಣಿಯೋದು ಚೆನ್ನಾಗಿಯೇ ಇತ್ತು. ಕೆಲವೇ ತಿಂಗಳಲ್ಲಿ ಎಣ್ಣೆ ಮಂದವಾಗಿ ಬ್ಲೇಡಿಗೆಲ್ಲ ಅಂಟು ಹತ್ತಿತು, ವಾಸನೆ ಬೇರೆ. ಚಿಕ್ಕ ಕೆಲಸದವರು ನೋಡಬಹುದು. ಬೇರಿಂಗ್ ರೇಸಿನ ಇಎನ್ 31 ತುಂಡುಗಳನ್ನು 235ರ ಸುತ್ತ ರಾತ್ರಿಯಿಡೀ ಬಿಟ್ಟೆ. ಅದರಲ್ಲಿ ಸಿಲಿಕಾನ್ ತೀರಾ ಕಡಿಮೆ, ಕಾರ್ಬೈಡ್ ಬರುತ್ತದೆ, ಆದರೂ 58 ಸಿಕ್ಕಿತು. ಅದರಿಂದ ಮಾಡಿದ ಕಬ್ಬಿನ ಕೊಯ್ತಾ ಗೋಕಾಕ ಕಡೆಯ ಗ್ಯಾಂಗ್ ಒಂದಕ್ಕೆ ಕೊಟ್ಟೆ. ಅವರು ವಾಪಸ್ ಕೊಡಲೇ ಇಲ್ಲ, ಇನ್ನೂ ಬೇಕು ಅಂತ ಫೋನ್ ಮಾಡುತ್ತಿದ್ದಾರೆ. ಕೇಂಬ್ರಿಡ್ಜ್ ಥರ ಹತ್ತು ದಿನದ್ದು ಮಾಡಬೇಕೆಂಬ ಆಸೆ ಇದೆ. ಅದಕ್ಕೆ ಒಂದು ಪರ್ಸೆಂಟ್ ಕಾರ್ಬನ್ನೂ ಸಿಲಿಕಾನೂ ಒಟ್ಟಿಗೆ ಇರುವ ಗುಜರಿ ಬೇಕು. ಯಾರಿಗಾದರೂ ಸಿಕ್ಕರೆ ನನಗೂ ಹೇಳಿ.

ದಪ್ಪ ಪಟ್ಟಿ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಎಂಟು ಎಂಎಂ ತನಕ ಕಣ್ಣು ಮುಚ್ಚಿ ಮಾಡುತ್ತೇನೆ. ಹನ್ನೆರಡಕ್ಕೆ ಫರ್ನೇಸಿನಿಂದ ಸಾಲ್ಟ್‌ಗೆ ಮೂರು ಸೆಕೆಂಡಿನೊಳಗೆ ಇಳಿಸಬೇಕು, ಜೊತೆಗೆ ಬಾತ್‌ನಲ್ಲಿ ಒಂದು ಚಿಕ್ಕ ಉಪಾಯ ಇದೆ, ಅದನ್ನು ಬರೆಯೋದಿಲ್ಲ. ಹದಿನಾಲ್ಕರಲ್ಲಿ ನಡುವೆ ಪರ್ಲೈಟ್ (ಬೈನೈಟ್‌ಗಿಂತ ಮೆತ್ತನೆಯ ರಚನೆ) ಉಳಿದು ತಿರುಳು 38ಕ್ಕೆ ನಿಲ್ಲುತ್ತದೆ. ನೇಗಿಲ ಕುಳಕ್ಕೆ ಅದು ಆಗೋದಿಲ್ಲ. ಅದಕ್ಕೆ ಕುಳದ ಆರ್ಡರ್ ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ.

ಜಾಬ್ ಕಳಿಸೋರು ಸ್ಪೆಕ್ಟ್ರೋ ರಿಪೋರ್ಟ್ ಜೊತೆಗೆ ಕಳಿಸಿ. ತೂತು ಮೊದಲೇ ಕೊರೆದಿರಬೇಕು, 50 ಎಚ್‌ಆರ್‌ಸಿ ಆದಮೇಲೆ ಡ್ರಿಲ್ಲು ಇಳಿಯೋದಿಲ್ಲ. ಕೆಜಿಗೆ ಇಪ್ಪತ್ತೆರಡು ರೂಪಾಯಿ, ನೂರು ಕೆಜಿ ಮೇಲಾದರೆ ಮಾತಾಡೋಣ. ಮಂಗಳವಾರ ನಮ್ಮಲ್ಲಿ ಕರೆಂಟಿನ ಗ್ಯಾರಂಟಿ ಇಲ್ಲ, ಅವತ್ತು ಬರಬೇಡಿ.