ರೋಮನ್ ಚಿನ್ನದ ನಾಣ್ಯದ ಹಿಂಬದಿಯ ಹೆಂಗಸು ಯಾರು? ಕೈ ನೋಡಿ ಹೇಳಿ

ರೋಮನ್ನರ ಚಿನ್ನದ ನಾಣ್ಯ ಔರಿಯಸ್ ಸಿಕ್ಕರೆ ಎಲ್ಲರ ಕಣ್ಣೂ ಚಕ್ರವರ್ತಿಯ ಮುಖಕ್ಕೇ ಹೋಗುತ್ತದೆ. ನಾಣ್ಯ ತಿರುಗಿಸಿ. ಹಿಂಬದಿಯಲ್ಲಿ ಒಂಟಿ ಹೆಂಗಸಿದ್ದರೆ ಬಹುಪಾಲು ಅವಳು ಯಾವುದೋ ಗುಣದ ಮೂರ್ತಿ. ಮುಖ ಎಲ್ಲರದೂ ಒಂದೇ ಥರ, ಗುರುತಿರುವುದು ಕೈಯಲ್ಲಿ.

ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಬೆಳಕು ಒಂದೇ ಪಕ್ಕದಿಂದ ಓರೆಯಾಗಿ ಬೀಳಲಿ, ನೇರ ಬಿದ್ದರೆ ಚಿನ್ನದ ಹೊಳಪಿನಲ್ಲಿ ಸವೆದ ಗೆರೆ ಕಾಣುವುದಿಲ್ಲ. ಅಂಚನ್ನಷ್ಟೇ ಹಿಡಿಯಿರಿ. ಉಜ್ಜಲೇಬೇಡಿ, ಹೆಚ್ಚುಕಮ್ಮಿ ಅಪ್ಪಟ ಚಿನ್ನ, ಮೆದು, ಗೀರು ಬಿದ್ದರೆ ಹೋಗದು.

ಮೊದಲು ತೂಕ. ಚಕ್ರವರ್ತಿ ನೀರೋ ಕ್ರಿ.ಶ. 64ರಲ್ಲಿ ತೂಕ ಇಳಿಸಿದ ಮೇಲೆ ಔರಿಯಸ್ ಸುಮಾರು 7.3 ಗ್ರಾಂ. ನಾಲ್ಕೂವರೆ ಗ್ರಾಂ ಬಂದರೆ ಅದು ಆಮೇಲಿನ ಚಕ್ರವರ್ತಿ ಕಾನ್‌ಸ್ಟಂಟೈನ್ ತಂದ ಹಗುರ ಚಿನ್ನದ ನಾಣ್ಯ, ಸಾಲಿಡಸ್. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಇಂಥವು ಸಿಕ್ಕಿವೆ. ಅವುಗಳಲ್ಲಿ ಹಳೆಯ ಸದ್ಗುಣಗಳಿಗಿಂತ ಗೆಲುವಿನ ದೇವಿ, ರೆಕ್ಕೆಯ ವಿಕ್ಟೋರಿಯಾಳೇ ಹೆಚ್ಚು.

ಈಗ ಕೈಗಳು. ಎಡಗೈಯಲ್ಲಿ ಹಣ್ಣುಹಂಪಲು ತುಂಬಿದ ಕೊಂಬಿದೆ ಎಂದಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ, ಅದು ಅರ್ಧ ಡಜನ್ ಮೂರ್ತಿಗಳ ಸ್ವತ್ತು. ಬಲಗೈ ನೋಡಿ. ತಕ್ಕಡಿಯಿದ್ದರೆ ಏಕ್ವಿಟಾಸ್, ಅಂದರೆ ನ್ಯಾಯವಾದ ವ್ಯವಹಾರ. ಗುಳಿಗಳಿರುವ ಪುಟ್ಟ ಹಲಗೆಯಿದ್ದರೆ ಲಿಬರಾಲಿಟಾಸ್, ಔದಾರ್ಯ: ಚಕ್ರವರ್ತಿ ಜನರಿಗೆ ಹಣ ಹಂಚುವಾಗ ನಾಣ್ಯ ಎಣಿಸುತ್ತಿದ್ದ ಹಲಗೆ ಅದು. ಸವೆದ ನಾಣ್ಯದಲ್ಲಿ ಗುಳಿಗಳೇ ಮೊದಲು ಅಳಿಸುತ್ತವೆ, ಆಮೇಲೆ ಅದು ಬರೀ ಚೌಕದಂತೆ ಕಾಣುತ್ತದೆ. ಹೂ ಹಿಡಿದು ಸೆರಗಿನ ಅಂಚು ಎತ್ತಿದವಳು ಸ್ಪೆಸ್, ಭರವಸೆ. ಶಿರಸ್ತ್ರಾಣ, ಈಟಿ ಇದ್ದರೆ ವಿರ್ಟುಸ್, ಶೌರ್ಯ. ಹೆಸರಿನ ಬೇರು ‘ಗಂಡಸು’, ರೂಪ ಮಾತ್ರ ಹೆಂಗಸಿನದು. ಲ್ಯಾಟಿನ್ ವ್ಯಾಕರಣದ ಕಿತಾಪತಿ.

ಆಂಟೊನೈನಸ್ ಪಯಸ್ (138–161) ತೀರಿಹೋದ ಹೆಂಡತಿ ಫೌಸ್ಟಿನಾ ಹೆಸರಲ್ಲಿ ಹೊಡೆಸಿದ ಔರಿಯಸ್ ಒಂದರಲ್ಲಿ ತಲೆಗೆ ಮುಸುಕು ಹೊದ್ದ ಹೆಂಗಸು ಎತ್ತರದ ಪೀಠದ ಮೇಲೆ ಧೂಪ ಹಾಕುತ್ತಿದ್ದಾಳೆ, ಇನ್ನೊಂದು ಕೈಯಲ್ಲಿ ಡಬ್ಬಿ. ಅವಳು ಪಿಯೆಟಾಸ್: ದೇವರು, ಹಿರಿಯರು, ಮನೆಯವರ ಋಣ ತೀರಿಸುವ ಗುಣ. ಬರೀ ‘ಭಕ್ತಿ’ ಎಂದರೆ ಅರ್ಧ ಅರ್ಥ ಉದುರಿಹೋಗುತ್ತದೆ.

ಎಡವುವುದು ಇಲ್ಲಿ: ಟಂಕಸಾಲೆಯ ದೇವಿ ಮೊನೆಟಾಳದೂ ತಕ್ಕಡಿ, ಕೊಂಬು. ಆಗ ಅಂಚಿನ ಸುತ್ತಲಿನ ಅಕ್ಷರವೇ ಗತಿ. ಸಾಮಾನ್ಯವಾಗಿ ಕೆಳಗಿನ ಎಡದಿಂದ ಗಡಿಯಾರದ ದಿಕ್ಕಿಗೆ ಓದಿ. ‘ಯು’ ಬದಲು ‘ವಿ’ ಇರುತ್ತದೆ. ‘ಎವಿಜಿ’ ಚಕ್ರವರ್ತಿಯ ಬಿರುದು ‘ಅಗಸ್ಟಸ್’ನ ಚುಟುಕು, ಅದಿದ್ದರೆ ಚಕ್ರವರ್ತಿಯ ಗುಣ, ಕೊನೆಗೆ ಎರಡು ‘ಜಿ’ ಇದ್ದರೆ ಜೊತೆಯಾಗಿ ಆಳಿದ ಇಬ್ಬರದು.

ಚಕ್ರವರ್ತಿಯ ಮುಖದ ಮೇಲೆ ಉಳಿ ಗೀರಿದ್ದರೆ ಗಾಬರಿ ಬೇಡ. 1898ರಲ್ಲಿ ಪುದುಕ್ಕೋಟೈ ಬಳಿ ಸಿಕ್ಕ 501 ಔರಿಯಸ್‌ಗಳಲ್ಲಿ ಹೆಚ್ಚಿನವಕ್ಕೆ ಹೀಗೇ ಕಚ್ಚು ಹಾಕಲಾಗಿದೆ. ಅಕ್ಕಸಾಲಿಗರಿಗೆ ಕೊಟ್ಟು ಅದನ್ನು ಮುಚ್ಚಿಸಿಬಿಡಬೇಡಿ.