ತೊಗರಿ, ಜೋಳದ ಹೊಲದಲ್ಲಿ ಎಲೆಯ ಓರೆಯನ್ನೂ ಬಿಸಿಲನ್ನೂ ಅಳೆದ ಬಗೆ

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ನಮ್ಮ ಎರೆ ಹೊಲದಲ್ಲಿ ಬದುವಿನ ಒಂದು ಬದಿಗೆ ತೊಗರಿ, ಇನ್ನೊಂದು ಬದಿಗೆ ಹಿಂಗಾರಿ ಬಿಳಿಜೋಳ ಇರುತ್ತದೆ. ತೊಗರಿ ಹರಡಿಕೊಂಡ ಮೇಲೆ ಬುಡದ ಕಳೆ ಸೊರಗುತ್ತದೆ. ಜೋಳದ ಸಾಲಿನಲ್ಲಿ ಹಾಗಾಗುವುದಿಲ್ಲ. ಇದರಲ್ಲಿ ಎಲೆಯ ಓರೆಯ ಪಾತ್ರವೆಷ್ಟು ಎಂಬುದನ್ನು ತಿಳಿಯಲು ನಾನು ಅಳತೆಗೆ ಇಳಿದೆ.

ಶಾಲೆಯ ಕೋನಮಾಪಕದ ನಡುವಿನ ತೂತಿಗೆ ದಾರ ಪೋಣಿಸಿ, ತುದಿಗೆ ಸಣ್ಣ ಕಲ್ಲು ಕಟ್ಟಿ, ಅದರ ನೇರ ಅಂಚನ್ನು ಎಲೆಯ ನಡುನರಕ್ಕೆ ಒತ್ತಿ ಹಿಡಿದರೆ, ದಾರ ನಿಂತ ಗೆರೆಯಿಂದ ಓರೆ ತಿಳಿಯುತ್ತದೆ. ಜೋಳದ ಎಲೆ ದಂಟಿನ ಬಳಿ ನೆಟ್ಟಗಿದ್ದು ತುದಿಯಲ್ಲಿ ಬಾಗುವುದರಿಂದ ಬುಡ, ನಡು, ತುದಿ ಮೂರನ್ನೂ ಅಳೆಯಬೇಕು. ತೊಗರಿಯ ಎಲೆಯಂತೂ ಇಡೀ ದಿನ ಒಂದೇ ಓರೆಯಲ್ಲಿರುವುದಿಲ್ಲ: ನೆಲ ಒಣಗಿದ ದಿನಗಳಲ್ಲಿ ಅದರ ಮೂರು ದಳಗಳೂ ಮಧ್ಯಾಹ್ನ ಮೇಲಕ್ಕೆದ್ದು ಬಿಸಿಲಿನಿಂದ ಮುಖ ತಪ್ಪಿಸಿಕೊಳ್ಳುತ್ತವೆ. ಬೆಳಗಿನ ಅಳತೆಯೊಂದನ್ನೇ ನಂಬುವಂತಿಲ್ಲ.

ಬೆಳಕಿಗೆ ಮೊಬೈಲಿನ ಲಕ್ಸ್ (ಬೆಳಕಿನ ತೀವ್ರತೆಯ ಮಾನ) ಆ್ಯಪ್ ಬಳಸಿದೆ. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಮುಟ್ಟುವುದರಿಂದ, ಸೆನ್ಸರ್ ಮಿತಿ ಮೀರದಂತೆ ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಮೊಬೈಲನ್ನು ಸಮತಟ್ಟಾಗಿ ಹಿಡಿದು, ಮೊದಲು ಬೆಳೆಯ ಮೇಲೂ ಆಮೇಲೆ ಸಾಲಿಗೆ ಅಡ್ಡಲಾಗಿ ನೆಲದ ಹತ್ತಿರ ಹಲವು ಕಡೆಯೂ ಓದಿ, ಕೆಳಗಿನ ಸರಾಸರಿಯನ್ನು ಮೇಲಿನದರಿಂದ ಭಾಗಿಸಿದೆ. ಎಲೆಗಳು ಕೆಂಪು, ನೀಲಿ ಬೆಳಕನ್ನು ಹೀರಿ ಹಸಿರನ್ನು ಹೆಚ್ಚು ಬಿಡುವುದರಿಂದಲೂ, ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆಯಾದುದರಿಂದಲೂ, ಬುಡದ ಸಂಖ್ಯೆ ಗಿಡಕ್ಕೆ ನಿಜವಾಗಿ ದಕ್ಕುವ ಬೆಳಕಿಗಿಂತ ಹೆಚ್ಚಾಗಿಯೇ ಕಾಣುತ್ತದೆ.

ಎಲೆಯ ಹರವು ಹೆಚ್ಚಿದಂತೆ ಬೆಳಕು ಯಾವ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬ ಸೂತ್ರವನ್ನು ಜಪಾನಿನ ಸಸ್ಯವಿಜ್ಞಾನಿಗಳಾದ ಮೊನ್ಸಿ ಮತ್ತು ಸಾಯೆಕಿ 1953ರಲ್ಲಿ ಕೊಟ್ಟರು. ಒಂದು ಚದರ ಮೀಟರ್ ನೆಲದ ಮೇಲೆ 3 ಚದರ ಮೀಟರ್ ಎಲೆಯಿದ್ದು, ಎಲೆಯ ಹರವು ಬೆಳಕನ್ನು ಎಷ್ಟು ಬೇಗ ಕುಗ್ಗಿಸುತ್ತದೆ ಎಂದು ಹೇಳುವ, ಓರೆಯನ್ನು ಅವಲಂಬಿಸಿದ ಗುಣಾಂಕ ನೆಟ್ಟಗಿನ ಎಲೆಗಳಿಗೆ 0.4 ಎಂದಿಟ್ಟುಕೊಂಡರೆ ಸುಮಾರು ಶೇ. 30ರಷ್ಟು ಬೆಳಕು ನೆಲ ಮುಟ್ಟುತ್ತದೆ. ಚಪ್ಪಟೆ ಹರಡಿದ ಎಲೆಗಳಿಗೆ 0.8 ಎಂದರೆ ಶೇ. 9 ಮಾತ್ರ. ಆದರೆ ಗುಣಾಂಕ ಸೂರ್ಯನ ಎತ್ತರದೊಂದಿಗೂ ಬದಲಾಗುತ್ತದೆ. ಕಲಬುರಗಿಯಲ್ಲಿ ಆಗಸ್ಟ್ ಆರಂಭದ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲಿದ್ದರೆ, ಡಿಸೆಂಬರ್ ಕೊನೆಗೆ ಸುಮಾರು 49 ಡಿಗ್ರಿಗಿಂತ ಮೇಲೇರುವುದಿಲ್ಲ. ಆಗ ನೆಟ್ಟಗಿನ ಜೋಳದ ಎಲೆಯೂ ಬಿಸಿಲಿಗೆ ಹೆಚ್ಚು ಮೈಯೊಡ್ಡುತ್ತದೆ.

ಸಾಲಿನ ಅಂತರದ ಪಾಲನ್ನು ಓರೆಯ ಪಾಲಿನಿಂದ ಬೇರ್ಪಡಿಸುವುದು ಈ ಸಲಕರಣೆಗಳಿಂದ ಆಗದ ಮಾತು. ಆದರೂ ತೊಗರಿಯ ನಡುವಿನ ಹೆಸರು ಬೆಳೆಯನ್ನು ಮುಂಗಾರಿನ ಮೊದಲ ಹದಕ್ಕೇ ಬಿತ್ತಿ, ತೊಗರಿ ಹರಡುವ ಮೊದಲೇ ಕಿತ್ತು ಮುಗಿಸುವ ನಮ್ಮ ಹಿರಿಯರ ಕ್ರಮವನ್ನು ಬದಲಿಸಲು ನನಗೆ ಈಗ ಯಾವ ಕಾರಣವೂ ಕಾಣುತ್ತಿಲ್ಲ.