ಮಳೆಯಲ್ಲಿ ಆಫ್ ಆಗುವ ಬೈಕ್: ನೀರು ಎಲ್ಲಿ ನುಗ್ಗುತ್ತದೆಂದು ನಾನು ಹುಡುಕಿದ ಬಗೆ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ ಕಡೆಯ ಗ್ಯಾರೇಜುಗಳಲ್ಲಿ ಒಂದೇ ದೂರು: "ಮಳೇಲಿ ಹೋದ್ರೆ ಗಾಡಿ ಆಫ್ ಆಗತ್ತೆ, ಮನೇಲಿ ನಿಲ್ಸಿ ಬೆಳಿಗ್ಗೆ ಹೊಡೆದ್ರೆ ಒಂದೇ ಕಿಕ್ಕಿಗೆ ಸ್ಟಾರ್ಟ್." ಈ ದೂರಿನ ತೊಡಕು ಇರುವುದೇ ಅಲ್ಲಿ. ಗಾಡಿ ಗ್ಯಾರೇಜಿಗೆ ಬರುವ ಹೊತ್ತಿಗೆ ಒಣಗಿರುತ್ತದೆ, ರೋಗ ಕಾಣಿಸುವುದಿಲ್ಲ. ಹಾಗಾಗಿ ಮೊದಲು ಪ್ಲಗ್ ಬದಲಾಗುತ್ತದೆ, ಮುಂದಿನ ಮಳೆಗೆ ಸಿಡಿಐ (ಕಿಡಿ ಯಾವಾಗ ಹಾರಬೇಕೆಂದು ನಿಯಂತ್ರಿಸುವ ಪೆಟ್ಟಿಗೆ), ಅದರ ಮುಂದಿನ ಮಳೆಗೆ ಕಾಯಿಲ್ (ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಸುರುಳಿ). ದುಡ್ಡು ಹೋಗುತ್ತದೆ, ಗಾಡಿ ಮಾತ್ರ ಘಾಟಿಯ ತಿರುವಿನಲ್ಲಿ ನಿಲ್ಲುತ್ತಲೇ ಇರುತ್ತದೆ.

ನಾನು ಇಲ್ಲಿ ಹೇಳುತ್ತಿರುವುದು 150 ಸಿಸಿಯ, ಗಾಳಿಯಲ್ಲೇ ತಣಿಯುವ, ಒಂದೇ ಸಿಲಿಂಡರಿನ ಕಾರ್ಬೊರೇಟರ್ ಗಾಡಿಯ ವಿಷಯ. 60,000 ಕಿ.ಮೀ. ಓಡಿತ್ತು. ಸೋನೆ ಮಳೆಗೆ ಏನೂ ಆಗುತ್ತಿರಲಿಲ್ಲ. ಜಡಿಮಳೆಯಲ್ಲಿ 40 ಕಿ.ಮೀ. ವೇಗ ದಾಟಿ ಹತ್ತು ನಿಮಿಷ ಓಡಿಸಿದರೆ ಮಿಸ್ಸಿಂಗ್ (ಎಂಜಿನ್ ನಡುನಡುವೆ ಹೊಡೆತ ತಪ್ಪುವುದು) ಶುರು, ಆಮೇಲೆ ಆಫ್. ಹದಿನೈದು ನಿಮಿಷ ಮರದಡಿ ನಿಲ್ಲಿಸಿದರೆ ಮತ್ತೆ ಹೊರಡುತ್ತಿತ್ತು. ಕೊನೆಗೆ ಬೇಕಾದ ಸಾಮಾನು ₹300ರೊಳಗೇ ಮುಗಿಯಿತು. ಹುಡುಕುವುದಕ್ಕೆ ಹಿಡಿದದ್ದು ಎರಡು ಸಂಜೆ.

ಪಾನಾ ಹಿಡಿಯುವ ಮೊದಲು ಗಾಡಿ ಹೇಗೆ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಅರ್ಧ ಉತ್ತರ ಅಲ್ಲೇ ಇದೆ. ಎಂಜಿನ್ ಜೊತೆಗೆ ನ್ಯೂಟ್ರಲ್ ದೀಪ, ಹಾರ್ನ್ ಎಲ್ಲವೂ ಸತ್ತರೆ ತೊಂದರೆ ಫ್ಯೂಸ್, ಬ್ಯಾಟರಿ ಟರ್ಮಿನಲ್ ಅಥವಾ ಕೀ ಸ್ವಿಚ್ಚಿನಲ್ಲಿದೆ. ದೀಪ ಉರಿಯುತ್ತಿದ್ದು ಎಂಜಿನ್ ಮಾತ್ರ ಸ್ವಿಚ್ ಒತ್ತಿದಂತೆ ಟಕ್ಕನೆ ನಿಂತರೆ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಸಿಡಿಐ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಇವುಗಳ ಕಡೆ ನೋಡಬೇಕು. ಪಟ್ ಪಟ್ ಎಂದು ಮಿಸ್ ಹೊಡೆದು, ಆಕ್ಸಲರೇಟರ್ ತಿರುಗಿಸಿದಷ್ಟೂ ಜಾಸ್ತಿಯಾಗಿ ನಿಂತರೆ ಪ್ಲಗ್ಗಿಗೆ ಹೋಗಬೇಕಾದ ಕರೆಂಟ್ ದಾರಿಯಲ್ಲೇ ಸೋರುತ್ತಿದೆ ಎಂದರ್ಥ. ಎಂಜಿನ್ ಮೆಲ್ಲಗೆ ಶಕ್ತಿ ಕಳೆದುಕೊಂಡು, ಚೋಕ್ ಎಳೆದರೆ ಒಂದಿಷ್ಟು ಚೇತರಿಸಿಕೊಂಡು, ನೂರಿನ್ನೂರು ಮೀಟರಿನಲ್ಲಿ ನಿಂತರೆ ಅದು ಪೆಟ್ರೋಲಿನ ಕಥೆ. ನನ್ನದು ಮಿಸ್ ಹೊಡೆಯುವ ಜಾತಿ. ಆದರೂ ಪೆಟ್ರೋಲ್ ಕಡೆಯದನ್ನು ಮೊದಲು ಮುಗಿಸಿಕೊಂಡೆ, ಏಕೆಂದರೆ ಅದಕ್ಕೆ ಹಿಡಿಯುವುದು ಐದೇ ನಿಮಿಷ.

ಎಂಜಿನ್ ತಣ್ಣಗಿದ್ದಾಗ ಕಾರ್ಬೊರೇಟರ್ ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ, ಬರುವ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಬೇಕು. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಬಾಟಲಿ ಓರೆ ಮಾಡಿದರೆ ಗೋಲಿಯಂತೆ ಉರುಳುವ ಹನಿಗಳು ಕಾಣುತ್ತವೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ. ಅಳತೆ ಮೀರಿದರೆ ಎಥನಾಲನ್ನೂ ಎಳೆದುಕೊಂಡು ಒಟ್ಟಾಗಿ ತಳಕ್ಕೆ ಇಳಿಯುತ್ತದೆ. ಆಗ ತಳದ ಪದರ ನೀವು ಅಂದುಕೊಂಡಿದ್ದಕ್ಕಿಂತ ದಪ್ಪ ಇರುತ್ತದೆ, ಗಾಡಿ ಒಮ್ಮೆಗೇ ನಿಲ್ಲುತ್ತದೆ. ನೀರು ಸಿಕ್ಕರೆ ಟ್ಯಾಂಕಿನ ಮುಚ್ಚಳದ ಸುತ್ತ ಇರುವ ತಗ್ಗನ್ನು ನೋಡಿ. ಅಲ್ಲಿಂದ ಮಳೆನೀರು ಕೆಳಗೆ ಹೋಗಲು ಸಣ್ಣ ತೂತು, ಅದಕ್ಕೊಂದು ರಬ್ಬರ್ ಪೈಪು ಇರುತ್ತದೆ. ಅದು ಕಸದಿಂದ ಕಟ್ಟಿಕೊಂಡರೆ ತಗ್ಗು ತುಂಬಿ ಮುಚ್ಚಳದ ವಾಶರ್ ದಾಟಿ ಟ್ಯಾಂಕಿಗೇ ಇಳಿಯುತ್ತದೆ. ಮುಚ್ಚಳದ ಗಾಳಿರಂಧ್ರ ಮುಚ್ಚಿದ್ದರೆ ಮತ್ತೊಂದು ಗುರುತು ಸಿಗುತ್ತದೆ: ನಿಂತ ಗಾಡಿಯ ಮುಚ್ಚಳ ತೆಗೆದ ಕೂಡಲೇ ಉಸ್ ಎಂದು ಗಾಳಿ ಒಳಗೆ ಹೋಗುತ್ತದೆ, ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ. ನನ್ನ ಬಾಟಲಿಯಲ್ಲಿ ಎರಡು ದಿನವೂ ನೀರಿರಲಿಲ್ಲ, ಮುಚ್ಚಳವೂ ಸರಿಯಿತ್ತು.

ಇನ್ನು ಕರೆಂಟು. ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲರೂ ಮೋಸ ಹೋಗುವುದು ಇಲ್ಲೇ. ನಾನು ಮೊದಲ ಸಂಜೆ ಮಲ್ಟಿಮೀಟರಿನಲ್ಲಿ ಎಲ್ಲವನ್ನೂ ಅಳೆದೆ. ಪ್ಲಗ್ ಕ್ಯಾಪ್ (ವೈರನ್ನು ಪ್ಲಗ್ಗಿಗೆ ಸೇರಿಸುವ ಟೊಪ್ಪಿ) 5 ಕಿಲೋ ಓಮ್ ಹತ್ತಿರ, ಇರಬೇಕಾದ್ದೇ. ಕಾಯಿಲ್ಲಿನ ಪ್ರೈಮರಿ, ಸೆಕೆಂಡರಿ ಸುತ್ತುಗಳೆರಡೂ ಸರ್ವಿಸ್ ಪುಸ್ತಕದ ಅಂಕಿಯೊಳಗೆ. ಮೀಟರಿನ ಪ್ರಕಾರ ಗಾಡಿಗೆ ಯಾವ ರೋಗವೂ ಇಲ್ಲ! ಕಾರಣ ಸರಳ. ಮೀಟರು ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಪ್ಲಗ್ ತುದಿಯಲ್ಲಿ ಕಿಡಿ ಹಾರಲು ಬೇಕಾಗುವುದು ಹತ್ತು ಸಾವಿರ ವೋಲ್ಟಿಗೂ ಮೇಲೆ. ಆ ಒತ್ತಡದಲ್ಲಿ ಮಾತ್ರ ಬಾಯಿ ಬಿಡುವ ಬಿರುಕನ್ನು ಮೀಟರು ನೋಡಲಾರದು. ಹೆಚ್ಚು ಒತ್ತಡದ ಭಾಗಕ್ಕೆ ಮೀಟರು "ಸರಿ" ಎಂದರೆ ಅದು ತುಂಡಾಗಿಲ್ಲ ಎಂದಷ್ಟೇ ಅರ್ಥ, ಸೋರುತ್ತಿಲ್ಲ ಎಂದಲ್ಲ.

ಮಳೆನೀರು ಶುದ್ಧವಾಗಿದ್ದಾಗ ಕರೆಂಟನ್ನು ಅಷ್ಟೇನೂ ಹರಿಸುವುದಿಲ್ಲ. ಹರಿಸುವುದು ಅದರಲ್ಲಿ ಕರಗಿದ ರಸ್ತೆಯ ಕೆಸರು ಮತ್ತು ಬೇಸಿಗೆಯಿಡೀ ಪ್ಲಗ್ ಕ್ಯಾಪಿನ ಮೇಲೆ ಕೂತ ಧೂಳು. ಹಾಗಾಗಿ ಖಾಲಿ ನೀರು ಚಿಮುಕಿಸಿ ನೋಡಿ ಏನೂ ಆಗಲಿಲ್ಲ ಎಂದರೆ ಪರೀಕ್ಷೆ ಮುಗಿದಂತಲ್ಲ. ನಾನು ಅರ್ಧ ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ, ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪಿನ ಬಾಟಲಿಗೆ ತುಂಬಿಸಿಕೊಂಡೆ.

ಎರಡನೇ ಸಂಜೆ, ಕತ್ತಲಾದ ಮೇಲೆ, ಗಾಳಿಯಾಡುವ ಕಡೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಪೆಟ್ರೋಲ್ ಎಲ್ಲೂ ಜಿನುಗುತ್ತಿಲ್ಲ ಎಂದು ಮೊದಲೇ ನೋಡಿಕೊಂಡಿರಬೇಕು; ಕಿಡಿ ಹಾರಲಿ ಎಂದೇ ಮಾಡುವ ಪರೀಕ್ಷೆ ಇದು. ದೀಪಗಳೆಲ್ಲ ಆಫ್, ಎಂಜಿನ್ ಐಡ್ಲಿಂಗಿನಲ್ಲಿ. ಎಲ್ಲ ಕಡೆ ಒಟ್ಟಿಗೆ ನೀರು ಹೊಡೆಯಬಾರದು, ಹೊಡೆದರೆ ತಪ್ಪಿತಸ್ಥ ಯಾರೆಂದು ತಿಳಿಯುವುದಿಲ್ಲ. ಒಂದು ಜಾಗ, ಮೂರು ನಾಲ್ಕು ಪಿಚಕಾರಿ, ಎರಡು ನಿಮಿಷ ಕಾಯುವುದು, ಆಕ್ಸಲರೇಟರ್ ನಾಲ್ಕೈದು ಸಲ ಎತ್ತಿ ಬಿಡುವುದು. ಎತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಸೋರಿಕೆ ಆಗಲೇ ಹೊರಬೀಳುವುದು. ನನ್ನ ಕ್ರಮ ಹೀಗಿತ್ತು: ಟ್ಯಾಂಕಿನಡಿಯ ಕಾಯಿಲ್, ಅಲ್ಲಿಂದ ಇಳಿಯುವ ಎಚ್‌ಟಿ (ಹೆಚ್ಚು ವೋಲ್ಟೇಜಿನ) ವೈರು, ವೈರು ಕ್ಯಾಪಿಗೆ ಸೇರುವ ಕತ್ತು, ಕ್ಯಾಪ್ ಪ್ಲಗ್ಗಿನ ಮೇಲೆ ಕೂರುವ ಬಾಯಿ. ಮುಟ್ಟಬೇಡಿ. ಆ ಹೊಡೆತಕ್ಕೆ ಕೈ ಜಾಡಿಸಿ ಬಿಸಿ ಸೈಲೆನ್ಸರಿಗೆ ತಾಗುವುದೇ ಹೆಚ್ಚು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರವೂ ಬರಬಾರದು.

ಕಾಯಿಲ್ ನೆನೆದರೂ ಎಂಜಿನ್ ಹಾಗೇ ಓಡಿತು. ವೈರೂ ಸರಿ. ಕ್ಯಾಪಿನ ಕತ್ತಿಗೆ ಹೊಡೆದಾಗ ಮೊದಲು ಕಿವಿಗೆ ಸಿಕ್ಕಿತು: ಒಣ ಕಡ್ಡಿ ಮುರಿದಂತೆ ಸಣ್ಣ ಚಟ್ ಚಟ್. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಡಿತು. ಕ್ಯಾಪಿನ ಕತ್ತಿನ ರಬ್ಬರಿನಿಂದ ಹೊರಟ ನೀಲಿ ಎಳೆಯೊಂದು ಸಿಲಿಂಡರ್ ಹೆಡ್ಡಿನ ರೆಕ್ಕೆಗೆ, ಸುಮಾರು 8 ಮಿ.ಮೀ. ದೂರ, ಹಾರಿ ಹಾರಿ ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಎಂಜಿನ್ ಒಂದು ಹೊಡೆತ ತಪ್ಪುತ್ತಿತ್ತು. ಅರ್ಧ ನಿಮಿಷಕ್ಕೆ ಆಫ್.

ಕ್ಯಾಪ್ ಕಳಚಿ ಬೆಳಕಿಗೆ ಹಿಡಿದಾಗ ಕಾರಣ ಪೂರ್ತಿ ತೆರೆದುಕೊಂಡಿತು. ಕತ್ತಿನ ರಬ್ಬರ್ ಬಿಸಿಲು, ಬಿಸಿಗೆ ಒಣಗಿ ಪ್ಲಾಸ್ಟಿಕ್ಕಿನಷ್ಟು ಗಟ್ಟಿ. ವೈರನ್ನು ಅಪ್ಪಿ ಹಿಡಿಯುತ್ತಿರಲಿಲ್ಲ, ಸುತ್ತ ಸಂದು ಬಿಟ್ಟಿತ್ತು. ಒಳಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎಳೆದಂತೆ ಕೂದಲೆಳೆಯ ಕಪ್ಪು ಗೆರೆ. ಕಿಡಿ ಹಾರಿ ಹಾರಿ ಸುಟ್ಟ ಜಾಡು ಅದು. ಇಂಗಾಲವಾದ್ದರಿಂದ ಅದೇ ಕರೆಂಟಿಗೆ ರಸ್ತೆಯಾಗುತ್ತದೆ. ಒರೆಸಿದರೆ ಹೋಗದು. ಗೆರೆ ಬಿದ್ದ ಕ್ಯಾಪನ್ನು ಬಿಸಾಡಬೇಕು, ಟೇಪ್ ಸುತ್ತಿ ಉಳಿಸಿಕೊಳ್ಳುವುದು ಬೇಡ.

ಹೊಸ ಕ್ಯಾಪ್ ಹಾಕುವಾಗ ಹಳೆ ವೈರಿನ ತುದಿ 6 ಮಿ.ಮೀ. ಕತ್ತರಿಸಿದೆ. ಒಳಗಿನ ತಾಮ್ರದ ಎಳೆ ಹಸಿರು ಕಿಲುಬು ಹಿಡಿದಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಕ್ಯಾಪಿನೊಳಗೆ ಮರದ ಸ್ಕ್ರೂನಂಥ ಮುಳ್ಳಿರುತ್ತದೆ. ಅದು ತಾಮ್ರದ ನಡುವಿಗೇ ಇಳಿಯುವಂತೆ ಒತ್ತಿ ಬಲಕ್ಕೆ ತಿರುಗಿಸುತ್ತ ಹೋಗಬೇಕು. ಕೂತ ಮೇಲೆ ಮೆಲ್ಲಗೆ ಎಳೆದು ನೋಡಿ, ಬರಬಾರದು. ಕತ್ತಿನ ರಬ್ಬರಿನೊಳಗೆ, ಪ್ಲಗ್ ಬಾಯಿಯ ರಬ್ಬರಿನ ಒಳ ಅಂಚಿಗೆ ಸಿಲಿಕಾನಿನ ಡೈಎಲೆಕ್ಟ್ರಿಕ್ (ಕರೆಂಟ್ ಹರಿಸದ) ಗ್ರೀಸನ್ನು ತೆಳ್ಳಗೆ ಸವರಿದೆ, ಕಡಲೆಬೀಜದಷ್ಟು ಸಾಕು. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ. ಪ್ಲಗ್ಗಿನ ಗ್ಯಾಪ್ 1 ಮಿ.ಮೀ. ಆಗಿತ್ತು, ಅದನ್ನು 0.7ಕ್ಕೆ ತಂದೆ. ಗ್ಯಾಪ್ ಹಿಗ್ಗಿದಷ್ಟೂ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ವೋಲ್ಟೇಜ್ ಏರಿದಷ್ಟೂ ಅದು ಸುಲಭದ ಅಡ್ಡದಾರಿ ಹುಡುಕುತ್ತದೆ. ಹೊಸ ಪ್ಲಗ್ ಹಾಕಿದರೆ ಸ್ವಲ್ಪ ಕಾಲ ಸರಿಯಿದ್ದು ಮತ್ತೆ ಶುರುವಾಗುವುದು ಇದೇ ಕಾರಣಕ್ಕೆ: ಪ್ಲಗ್ ರೋಗವನ್ನು ಮರೆಸಿತ್ತು, ಕಳೆದಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಹೊಸ ಕ್ಯಾಪೂ ಕೆಲವು ಮಳೆಗಾಲಕ್ಕೆ ಹಾಗೇ ಆಗುತ್ತಿತ್ತು. ಅಷ್ಟು ನೀರು ಅಲ್ಲಿಗೆ ಬರುವುದೇಕೆ? 40ರ ಮೇಲೆ ಮಾತ್ರ ತೊಂದರೆ ಎಂಬುದು ನನ್ನನ್ನು ಮುಂದಿನ ಚಕ್ರದ ಕಡೆ ತಿರುಗಿಸಿತು. ಮಡ್‌ಗಾರ್ಡಿನ ಕೆಳತುದಿಯ ರಬ್ಬರ್ ಪಟ್ಟಿ ಎಂದೋ ಹರಿದು ಬಿದ್ದುಹೋಗಿತ್ತು. ಟೈರು ಎತ್ತಿದ ಕೆಸರುನೀರು ನೇರವಾಗಿ ಸಿಲಿಂಡರ್ ಹೆಡ್ಡಿಗೆ. ಮೇಲಿಂದ ಬೀಳುವ ಮಳೆಯನ್ನು ಟ್ಯಾಂಕು ತಡೆಯುತ್ತದೆ, ಮುಂದಿನಿಂದ ಬರುವುದನ್ನು ತಡೆಯುವುದು ಆ ಪಟ್ಟಿಯೊಂದೇ. ಲಾರಿ ಟ್ಯೂಬಿನಿಂದ 12 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ತುಂಡು ಕತ್ತರಿಸಿ, ಒಳಗಡೆಯಿಂದ ಅಗಲ ವಾಶರ್ ಕೊಟ್ಟು ಎರಡು ಬೋಲ್ಟ್ ಬಿಗಿದೆ. ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಒತ್ತಿ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ, ಪಟ್ಟಿ ಟೈರಿಗಾಗಲಿ ಸೈಲೆನ್ಸರ್ ಪೈಪಿಗಾಗಲಿ ತಾಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು.

ಪ್ಲಗ್ ಕೂರುವ ಕುಳಿಯನ್ನೂ ನೋಡಿ. ಅನೇಕ ಎಂಜಿನ್‌ಗಳಲ್ಲಿ ಕುಳಿಯ ತಳದಿಂದ ಹೊರಕ್ಕೆ ಸಣ್ಣ ತೂತು ಇರುತ್ತದೆ, ನೀರು ಹರಿದುಹೋಗಲೆಂದು. ನನ್ನದರಲ್ಲಿ ಕೆಮ್ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಕುಳಿ ತುಂಬಿ ಪ್ಲಗ್ಗಿನ ಬಿಳಿ ಪಿಂಗಾಣಿ ನೀರಲ್ಲೇ ನಿಂತಿರುತ್ತಿತ್ತು. ಕ್ಲಚ್ ಕೇಬಲ್ಲಿನ ಒಂದು ಎಳೆ ತೂರಿಸಿ ಬಿಡಿಸಿ, ಗಾಳಿ ಹೊಡೆಸಿದೆ. ಇದನ್ನು ಪ್ಲಗ್ ಹಾಕಿಕೊಂಡೇ ಮಾಡಬೇಕು. ಪ್ಲಗ್ ಬಿಚ್ಚಿ ಮಾಡಿದರೆ ಆ ಮಣ್ಣೆಲ್ಲ ಸಿಲಿಂಡರಿನೊಳಗೆ.

ಕ್ಯಾಪ್ ಬದಲಿಸಿದ ಮೇಲೆ ಅದೇ ಉಪ್ಪುನೀರನ್ನು ಹ್ಯಾಂಡಲ್ಲಿನ ಸ್ವಿಚ್ಚಿಗೂ ಹೊಡೆದು ನೋಡಿದೆ. ಎಂಜಿನ್ ಟಕ್ಕನೆ ಆಫ್! ಎರಡನೇ ರೋಗವೂ ಇತ್ತು, ಮೊದಲನೆಯದರ ಹಿಂದೆ ಅಡಗಿತ್ತು. ಕೆಲವು ಗಾಡಿಗಳ ಕಿಲ್ ಸ್ವಿಚ್ ಸಿಡಿಐಗೆ ಬರುವ ಕರೆಂಟನ್ನು ಕಡಿಯುತ್ತದೆ. ಇನ್ನು ಕೆಲವದರಲ್ಲಿ ಸಿಡಿಐಯ ಒಂದು ವೈರನ್ನು ಗಾಡಿಯ ಲೋಹದ ಚೌಕಟ್ಟಿಗೆ ಸೇರಿಸಿ ಕಿಡಿ ನಿಲ್ಲಿಸುತ್ತದೆ. ನನ್ನದು ಎರಡನೆಯ ಬಗೆ. ಇದರಲ್ಲಿ ಸ್ವಿಚ್ಚಿನೊಳಗೆ ಕಿಲುಬೂ ನೀರೂ ಸೇರಿದರೆ ಯಾರೂ ಒತ್ತದೆಯೇ ಅರ್ಧಂಬರ್ಧ ಒತ್ತಿದಂತಾಗುತ್ತದೆ. ಇಲ್ಲಿ ಮೀಟರು ನಿಜ ಹೇಳುತ್ತದೆ. ಸಿಡಿಐ ಕಪ್ಲರ್ ಕಳಚಿ, ಕೀ ಆನ್ ಮಾಡಿ, ಸ್ವಿಚ್ಚನ್ನು ಓಡುವ ಕಡೆಗಿಟ್ಟು ಆ ವೈರಿಗೂ ಚೌಕಟ್ಟಿಗೂ ನಡುವೆ ಓಮ್ ನೋಡಿದೆ. ಒಣಗಿದ್ದಾಗ ಸಂಪರ್ಕವೇ ಇಲ್ಲ, ನೀರು ಹನಿಸಿದಾಗ ಕೆಲವೇ ಸಾವಿರ ಓಮಿಗೆ ಇಳಿಯಿತು. ಸ್ವಿಚ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಅದೇ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ ಮುಚ್ಚಿದೆ. ದಾರಿಯಲ್ಲಿ ಪರೀಕ್ಷಿಸಲು ಆ ಒಂದು ವೈರನ್ನು ಕಳಚಿ ಓಡಿಸಿ ನೋಡುವ ಉಪಾಯವೂ ಇದೆ. ಆದರೆ ಆಗ ಕೀ ತಿರುಗಿಸಿದರೂ ಎಂಜಿನ್ ನಿಲ್ಲದು, ಬ್ರೇಕ್ ಹಿಡಿದು ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಬೇಕು. ಮನೆಯ ಅಂಗಳಕ್ಕೆ ಸರಿ, ಘಾಟಿಗಲ್ಲ.

2020ರ ಬಿಎಸ್6 (ಹೊಗೆಯ ನಿಯಮ) ನಂತರದ, ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳಿಗೂ ಪ್ಲಗ್, ಕ್ಯಾಪ್, ಕುಳಿ ಇದ್ದೇ ಇವೆ, ಅವುಗಳ ಬಗ್ಗೆ ಮೇಲೆ ಹೇಳಿದ್ದು ಅನ್ವಯ. ಹೆಚ್ಚುವರಿಯಾಗಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆನ್ಸರ್‌ಗಳ ಕಪ್ಲರುಗಳನ್ನು ಕೀ ಆಫ್ ಮಾಡಿಯೇ ಬಿಚ್ಚಿ ನೋಡಬೇಕು. ಉಪ್ಪುನೀರನ್ನು ಮಾತ್ರ ಅವುಗಳ ಹತ್ತಿರ ತರಬೇಡಿ.

ಕ್ಯಾಪಿಗೆ ಪ್ಲಾಸ್ಟಿಕ್ ಚೀಲ ಕಟ್ಟುವುದನ್ನು ಬಹಳ ಕಡೆ ನೋಡಿದ್ದೇನೆ. ಬಿಸಿಗೆ ಕರಗಿ ಅಂಟುತ್ತದೆ, ಒಳಗೆ ಬೆವರು ಕಟ್ಟಿ ತೇವವೂ ಉಳಿಯುತ್ತದೆ. ಕ್ಯಾಪಿನ ಕೆಳಬಾಯಿಗೆ ಸಿಲಿಕಾನ್ ಅಂಟು ಮೆತ್ತುವುದೂ ಅಷ್ಟೇ, ಒಮ್ಮೆ ಒಳಹೋದ ನೀರಿಗೆ ಹೊರದಾರಿ ಇಲ್ಲ.

ಪರೀಕ್ಷೆ ಮುಗಿದ ಮೇಲೆ ಎಂಜಿನ್ ತಣಿಯಲು ಬಿಟ್ಟು ಉಪ್ಪನ್ನೆಲ್ಲ ಸಿಹಿನೀರಿನಲ್ಲಿ ತೊಳೆದೆ, ಅಲ್ಯೂಮಿನಿಯಂ ರೆಕ್ಕೆಗಳಿಗೆ ಉಪ್ಪು ಆಗದು. ಆಮೇಲೆ ಪುಷ್ಯ ಮಳೆಯ ಜಡಿಯಲ್ಲಿ ಒಂದೂವರೆ ಗಂಟೆ ನಿಲ್ಲಿಸದೆ ಓಡಿಸಿದೆ, ಒಂದು ಹೊಡೆತವೂ ತಪ್ಪಲಿಲ್ಲ. ಈಗ ಚೈನಿಗೆ ಎಣ್ಣೆ ಬಿಡುವಾಗಲೆಲ್ಲ ಆ ಕುಳಿಯ ತೂತಿಗೆ ಕೇಬಲ್ ಎಳೆ ಹಾಕಿ ತೆಗೆಯುತ್ತೇನೆ. ಮಳೆಗಾಲದಲ್ಲಿ ಎರಡೇ ವಾರಕ್ಕೆ ಎಳೆಯ ತುದಿಗೆ ಮತ್ತೆ ಕೆಮ್ಮಣ್ಣು ಅಂಟಿ ಬರುತ್ತದೆ.